ಬಿಂದಿಗೆಯಿಲ್ಲದೆ ಕೆರೆಗೆ

ಕಳೆದ ಮಾಘಮಾಸದಲ್ಲಿ ನಮ್ಮ ಅಂತಿಮ ಬಿ.ಎ. ತರಗತಿಯವರು ಒಂದು ದಿನದ ವಿಹಾರಕ್ಕೆಂದು ಸೂಳೆಕೆರೆಗೆ ಹೊರಡುವುದೆಂದು ನಿಶ್ಚಯವಾಯಿತು. ಹಿಂದಿನ ರಾತ್ರಿ ಆ ವಿಷಯವನ್ನು ಅವ್ವನಿಗೆ ತಿಳಿಸಿದೆ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆಯೇ, "ಕೆರೆಗೆ ಹೋಗಿ ಏನ್ ಮಾಡ್ತೀರಿ?" ಎಂದು ಕೇಳಿದಳು.

"ನೋಡ್ಕಂಡು ಬರ್ತೀವಿ."

"ನೋಡಾಕೆ ಅದೇನು ತೇರಾ? ನಾ ಹುಟ್ಟಿದಾಗಿಂದ ಅಲ್ಲೇ ಬಿದ್ದೈತೆ." ಸ್ವಲ್ಪ ಹೊತ್ತಿನ ಮೇಲೆ, ಹಂಚಿನ ಮೇಲಿನ ರೊಟ್ಟಿಯನ್ನು ಮಗುಚಿ ಹಾಕುತ್ತ, "ಬರಿಗೈಲಿ ಯಾಕೆ ಹೋಗ್ತೀಯ, ಆ ಎರಡು ದುಪ್ಪಟಿನಾದ್ರೂ ತಗಂಡು ಹೋಗು, ಒಗ್ಕಂಡು ಬಂದಂಗೂ ಆಗ್ತದೆ" ಎಂದಳು.

ಈ ಮಾತನ್ನು ಮರುದಿನ ಬಸ್ಸಿನಲ್ಲಿ ಗೆಳತಿಯರಿಗೆ ಹೇಳಿ ನಾವೆಲ್ಲರೂ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ನಕ್ಕಿದ್ದು ತಪ್ಪೆಂದು ಈಗ ಹೇಳಲಾರೆ. ಮಾತು ನಗುವಂಥದ್ದೇ ಆಗಿತ್ತು. ಆದರೆ ಆ ಮಾತು ಅಂದಿನಿಂದ ನನ್ನನ್ನು ಬಿಟ್ಟಿಲ್ಲ. ಅದರ ದೆಸೆಯಿಂದಲೇ ಈ ಲೇಖನ. ವಾರ್ಷಿಕ ಸಂಚಿಕೆಗೆ ಪ್ರವಾಸಕಥನವೊಂದನ್ನು ಬರೆದುಕೊಡು ಎಂದು ನಮ್ಮ ಕನ್ನಡ ಅಧ್ಯಾಪಕರು ಅಪ್ಪಣೆ ಮಾಡಿದ್ದರು. ಬರೆಯಲು ಕುಳಿತರೆ ಪ್ರವಾಸಕಥನ ಹೋಗಿ ಒಂದು ತಕರಾರು ಹುಟ್ಟಿಕೊಂಡಿತು. ಅವರು ಕ್ಷಮಿಸಬೇಕು.

ಸೂಳೆಕೆರೆಯನ್ನು ಕಾಣದವರಿಗಾಗಿ ನಾಲ್ಕು ಮಾತು. ಇದು ಚನ್ನಗಿರಿ ತಾಲ್ಲೂಕಿನಲ್ಲಿದೆ. 1997 ರವರೆಗೆ ಶಿವಮೊಗ್ಗ ಜಿಲ್ಲೆಗೆ ಸೇರಿದ್ದ ಈ ತಾಲ್ಲೂಕು ಆಮೇಲೆ ದಾವಣಗೆರೆ ಜಿಲ್ಲೆಯ ಪಾಲಾಯಿತು. ನೀರು ನಿಲ್ಲುವ ಜಾಗ ಸುಮಾರು 6,550 ಎಕರೆಯೆಂದು ಸಾಮಾನ್ಯವಾಗಿ ಲೆಕ್ಕ ಹೇಳುತ್ತಾರೆ. ಏಷ್ಯಾ ಖಂಡದಲ್ಲಿಯೇ ಇದು ಎರಡನೆಯ ದೊಡ್ಡ ಕೆರೆಯೆಂದು ಬಸ್ಸಿನಲ್ಲಿ ಯಾರನ್ನು ಕೇಳಿದರೂ ಎದೆ ತಟ್ಟಿ ನುಡಿಯುತ್ತಾರೆ. ಮೊದಲನೆಯದು ಯಾವುದೆಂದು ಕೇಳಿದರೆ ಮಾತ್ರ ಒಬ್ಬೊಬ್ಬರು ಒಂದೊಂದು ಹೆಸರು ಹೇಳುತ್ತಾರೆ. ಅದಿರಲಿ. ನನಗೆ ಸೋಜಿಗವೆನಿಸಿದ್ದು ಅದರ ಗಾತ್ರವಲ್ಲ, ಏರಿಯ ಸಣ್ಣತನ. ಎರಡು ಗುಡ್ಡಗಳು ಹತ್ತಿರ ಹತ್ತಿರ ಬಂದು ನಡುವೆ ಒಂದು ಇಕ್ಕಟ್ಟಾದ ಕಣಿವೆಯನ್ನು ಬಿಟ್ಟಿವೆ. ಅಷ್ಟನ್ನು ಮಾತ್ರ ಕಟ್ಟಿ ನಿಲ್ಲಿಸಿ, ಹಿಂದೆ ಕಣ್ಣು ಹಾಯುವಷ್ಟು ದೂರ ನೀರು ಹರಡುವಂತೆ ಮಾಡಿದ್ದಾರೆ. ಹನ್ನೊಂದು ಅಥವಾ ಹನ್ನೆರಡನೆಯ ಶತಮಾನದ ಕೆಲಸವೆಂದು ಹೇಳುತ್ತಾರೆ. ಅಷ್ಟು ದೊಡ್ಡ ನೀರನ್ನು ಇಷ್ಟು ಚಿಕ್ಕ ಬಾಗಿಲಿನಿಂದ ಮುಚ್ಚಬಹುದೆಂದು ಆ ಕಾಲದಲ್ಲಿ, ಯಾವ ನಕ್ಷೆಯ ಸಹಾಯವೂ ಇಲ್ಲದೆ, ಆ ಗುಡ್ಡದ ಮೇಲೆ ನಿಂತು ಕಂಡುಕೊಂಡವರು ಸಾಮಾನ್ಯರಲ್ಲ. ಹರಿದ್ರಾ ಎಂಬ ಹೊಳೆ ಇಲ್ಲಿಂದ ಹೊರಟು ಹರಿಹರದ ಬಳಿ ತುಂಗಭದ್ರೆಯನ್ನು ಕೂಡುತ್ತದೆ. ಸಿದ್ದನಾಲೆ, ಬಸವನಾಲೆ ಎಂಬ ಎರಡು ನಾಲೆಗಳು ಕೆಳಗಿನ ಗದ್ದೆ ತೋಟಗಳಿಗೆ ನೀರು ಕೊಡುತ್ತವೆ. ಚಿತ್ರದುರ್ಗದವರು ಕುಡಿಯುವ ನೀರಿನಲ್ಲಿಯೂ ಈ ಕೆರೆಯ ಪಾಲುಂಟು.

ಇನ್ನು ಕಥೆ. ಶಾಂತವ್ವೆಯೆಂಬ ರಾಜಕುಮಾರಿ ಈ ಕೆರೆಯನ್ನು ಕಟ್ಟಿಸಿದಳೆಂದು ಪ್ರತೀತಿ. ತಂದೆ ಅವಳನ್ನು ಹಾದರದವಳೆಂದು ಹಳಿದನೆಂದೂ, ಆ ಮಾತಿನ ಕಳಂಕವನ್ನು ತೊಳೆದುಕೊಳ್ಳಲು ಅವಳು ಕೆರೆ ಕಟ್ಟಿಸಿದಳೆಂದೂ ಕೆಲವರು ಹೇಳುತ್ತಾರೆ. ಕೆರೆಗೆ ಬೇಕಾದ ಜಾಗ ಸೂಳೆಯರ ಕೇರಿಯದಾಗಿತ್ತು, ಕೆರೆಗೆ ತಮ್ಮ ಹೆಸರಿಡುವುದಾದರೆ ಮಾತ್ರ ಬಿಟ್ಟುಕೊಡುತ್ತೇವೆಂದು ಅವರು ಹಟ ಹಿಡಿದರು ಎಂಬುದು ಇನ್ನೊಂದು ಕಥೆ. ಎರಡರಲ್ಲಿ ಯಾವುದು ನಿಜವೋ, ಎರಡೂ ನಿಜವಲ್ಲವೋ, ಚರಿತ್ರೆಯ ವಿದ್ಯಾರ್ಥಿಗಳು ತೀರ್ಮಾನಿಸಲಿ. ನನಗೆ ಎರಡನೆಯದು ಹೆಚ್ಚು ಮೆಚ್ಚುಗೆಯಾಯಿತು. ಮನೆ ಮಠ ಮುಳುಗಿದರೂ ಚಿಂತೆಯಿಲ್ಲ, ಹೆಸರು ಉಳಿಯಬೇಕೆಂದು ಕೇಳಿದ ಆ ಹೆಂಗಸರು ವ್ಯವಹಾರ ಬಲ್ಲವರು. ಹೆಸರು ನಾಲಗೆಗೆ ಮುಜುಗರವೆಂದು ಈಗ ಶಾಂತಿಸಾಗರವೆಂದು ಬರೆಯುತ್ತಾರೆ. ನಮ್ಮ ಪ್ರವಾಸದ ಪ್ರಕಟಣೆಯಲ್ಲಿಯೂ ಹಾಗೆಯೇ ಇತ್ತು. ಶಾಂತವ್ವೆಯ ಹೆಸರು ಅದರಲ್ಲಿ ಅಡಗಿದೆಯೆಂದು ಸಮಾಧಾನ ಮಾಡಿಕೊಳ್ಳಬಹುದು. ಆದರೆ ಜಾಗ ಬಿಟ್ಟುಕೊಟ್ಟವರ ಕರಾರು ಮುರಿದುಬಿತ್ತಲ್ಲ ಎಂದು ನನಗೆ ಸ್ವಲ್ಪ ಕಸಿವಿಸಿ. ನಮ್ಮೂರಿನವರಂತೂ ಇಂದಿಗೂ ಹಳೆಯ ಹೆಸರನ್ನೇ ಹೇಳುತ್ತಾರೆ, ನಾನೂ ಅದನ್ನೇ ಬರೆಯುತ್ತಿದ್ದೇನೆ.

ಪ್ರವಾಸದ ದಿನದ ವಿವರವನ್ನು ಬೇಗ ಮುಗಿಸುತ್ತೇನೆ. ಬೆಳಿಗ್ಗೆ ಹತ್ತೂವರೆಗೆ ತಲುಪಿದೆವು. ಏರಿಯ ಮೇಲಿನ ಸಿದ್ಧೇಶ್ವರ ದೇವಸ್ಥಾನಕ್ಕೆ ಹೋಗಿ ಕೈಮುಗಿದೆವು. ಹುಡುಗರು ನೀರಿಗಿಳಿಯಲು ಹವಣಿಸಿದರು. ಅಧ್ಯಾಪಕರು ಗದರಿಸಿ ತಡೆದರು, ಬಹಳ ಒಳ್ಳೆಯದಾಯಿತು, ಆ ನೀರಿನ ಆಳ ಮೇಲೆ ನಿಂತವರಿಗೆ ತಿಳಿಯುವಂಥದ್ದಲ್ಲ. ಚಿತ್ರಾನ್ನ ಮೊಸರನ್ನದ ಬುತ್ತಿ ಬಿಚ್ಚಿದೆವು. ದೂರದಲ್ಲಿ ಒಬ್ಬ ಮೀನುಗಾರ ತೆಪ್ಪದ ಮೇಲೆ ಕುಳಿತು ಬಲೆ ಎತ್ತುತ್ತಿದ್ದ. ಎಷ್ಟು ಹೊತ್ತು ನೋಡಿದರೂ ಅವನು ಇದ್ದಲ್ಲಿಯೇ ಇದ್ದಂತೆ ಕಾಣುತ್ತಿತ್ತು. ಊಟ ಮುಗಿಸಿ ತಲೆಯೆತ್ತಿದರೆ ಆಚೆಯ ದಡ ಸೇರಿದ್ದ. ಬೆಳ್ಳಕ್ಕಿಗಳೂ ನೀರುಕಾಗೆಗಳೂ ಕಲ್ಲುಗಳ ಮೇಲೆ ರೆಕ್ಕೆ ಬಿಚ್ಚಿ ಕುಳಿತಿದ್ದವು. ಗಾಳಿ ನೀರಿನ ಮೇಲಿನಿಂದ ಬೀಸಿ ಬರುವಾಗ ಒಂದು ಬಗೆಯ ಪಾಚಿಯ ವಾಸನೆ, ಅದರ ಹಿಂದೆಯೇ ತಂಪು. ಇಷ್ಟೂ ಸೊಗಸನ್ನು ಅನುಭವಿಸಲು ನಮಗೆ ದೊರೆತ ಅವಧಿ ಕೇವಲ ಕಾಲು ಗಂಟೆ. ಅಷ್ಟರಲ್ಲಿ ಯಾರೋ ಬ್ಲೂಟೂತ್ ಪೆಟ್ಟಿಗೆಯನ್ನು ಹೊರತೆಗೆದು ಸಿನಿಮಾ ಹಾಡು ಹಚ್ಚಿದರು. ನೀರುಕಾಗೆಗಳು ಎದ್ದು ಹೋದವು. ಆಮೇಲೆ ಸಂಜೆಯವರೆಗೆ ನಾವು ಕೇಳಿದ್ದು ಮನೆಯಲ್ಲಿಯೂ ಕೇಳಬಹುದಾಗಿದ್ದ ಹಾಡುಗಳನ್ನೇ. ಮೊಬೈಲಿನಲ್ಲಿ ತೆಗೆದ ಚಿತ್ರಗಳಲ್ಲಿ ನಮ್ಮ ಮುಖಗಳು ಬಹಳವಾಗಿಯೂ ಕೆರೆ ಸ್ವಲ್ಪವಾಗಿಯೂ ಇವೆ.

ಇದರ ನಡುವೆ ಒಂದು ಘಟನೆ ನಡೆಯಿತು. ಅದನ್ನು ಇಲ್ಲಿ ಬರೆಯುವುದೋ ಬೇಡವೋ ಎಂದು ಬಹಳ ಯೋಚಿಸಿದೆ. ಅವ್ವನ ತವರು ಕೆರೆಯ ಮಗ್ಗುಲಿನ ಒಂದು ಹಳ್ಳಿ. ಅವಳ ತಂಗಿಯನ್ನು ಅದೇ ಊರಿಗೆ ಕೊಟ್ಟಿದ್ದಾರೆ. ಮಧ್ಯಾಹ್ನ ನಾವು ದಂಡೆಯ ಗುಂಟ ನಡೆಯುತ್ತಿರುವಾಗ ಕೆಳಗೆ ಕಲ್ಲಿನ ಹತ್ತಿರ ನಾಲ್ಕೈದು ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ಸೀರೆಯನ್ನು ಮೊಣಕಾಲಿಗೆತ್ತಿ ಕಟ್ಟಿ, ನಡುಮಟ್ಟ ತೊಯ್ದು ನಿಂತಿದ್ದವರಲ್ಲಿ ಒಬ್ಬಳು ನನ್ನ ಚಿಕ್ಕವ್ವ. ನಾನು ಗುರುತು ಹಿಡಿದೆ. ನನ್ನ ಪಕ್ಕದಲ್ಲಿದ್ದ ಗೆಳತಿ ಅದೇ ಹೊತ್ತಿಗೆ, "ಎಷ್ಟು ನ್ಯಾಚುರಲ್ ಆಗಿದೆ ನೋಡೇ" ಎಂದು ಅವರ ಚಿತ್ರ ತೆಗೆದಳು. ನಾನು ಮುಖ ತಿರುಗಿಸಿಕೊಂಡು ಆಚೆಯ ಗುಡ್ಡವನ್ನು ನೋಡುತ್ತ ನಡೆದುಬಿಟ್ಟೆ. ಬೆನ್ನ ಹಿಂದೆ ಬಟ್ಟೆ ಕುಕ್ಕುವ ಸದ್ದು ಬಹಳ ದೂರದವರೆಗೆ ಕೇಳಿಸುತ್ತಿತ್ತು.

ನನ್ನ ಈ ವರ್ತನೆಗೆ ಸಮರ್ಥನೆ ಇಲ್ಲ. ಆದರೆ ಅದರ ಕಾರಣವನ್ನು ಹುಡುಕಿ ಹೊರಟಾಗ ನನಗೆ ಹೊಳೆದದ್ದು ಇಷ್ಟು: ಆ ದಿನ ಕೆರೆಯ ದಂಡೆಯಲ್ಲಿ ಎರಡು ಜಾತಿಯ ಹೆಂಗಸರಿದ್ದರು. ಕೆಲಸಕ್ಕೆ ಬಂದವರು, ನೋಡಲು ಬಂದವರು. ನನ್ನ ವಂಶದಲ್ಲಿ ನೋಡಲು ಬಂದ ಮೊದಲನೆಯವಳು ನಾನು. ಬಟ್ಟೆಯ ಗಂಟಾಗಲಿ ಬಿಂದಿಗೆಯಾಗಲಿ ಇಲ್ಲದೆ ನಾನು ಅಲ್ಲಿ ನಿಂತಿರಲು ಕಾರಣ ನಾನು ಕಾಲೇಜು ಸೇರಿದ್ದು, ಅಷ್ಟೇ. ಚಿಕ್ಕವ್ವನನ್ನು ಮಾತನಾಡಿಸಿದರೆ ಆ ಪರವಾನಗಿ ರದ್ದಾಗಿಬಿಡುತ್ತದೆಂಬ ಒಂದು ಅಳುಕು ಇದ್ದಿರಬೇಕು.

ಹೀಗೆ ಹೇಳಿದರೆ, ಹಳ್ಳಿಯ ಹೆಂಗಸರಿಗೆ ವಿಹಾರವೇ ಇರಲಿಲ್ಲವೆಂದು ಅರ್ಥವಲ್ಲ. ಇತ್ತು, ಆದರೆ ಕೆಲಸದ ಮರೆಯಲ್ಲಿ ಇತ್ತು. ನೀರಿಗೆ ಹೋದವರು ಒಂದು ಬಿಂದಿಗೆ ತುಂಬಲು ಎಷ್ಟು ಹೊತ್ತು ತೆಗೆದುಕೊಳ್ಳುತ್ತಿದ್ದರೆಂಬುದಕ್ಕೆ ಅತ್ತೆಯಂದಿರ ಬೈಗುಳವೇ ಸಾಕ್ಷಿ. ಊರಿನ ಸುದ್ದಿ, ತವರಿನ ನೆನಪು, ಗಂಡನ ದೂರು, ಎಲ್ಲವೂ ಆ ಕಲ್ಲಿನ ಹತ್ತಿರವೇ. ನಮ್ಮ ಜನಪದರಲ್ಲಿ ಹೆಣ್ಣಿಗೂ ಕೆರೆಗೂ ಇರುವ ನಂಟು ಬಹಳ ಹಳೆಯದು, ಯಾವಾಗಲೂ ಸುಖದ್ದೂ ಅಲ್ಲ. ನಾವೆಲ್ಲರೂ ಓದಿದ 'ಕೆರೆಗೆ ಹಾರ'ದಲ್ಲಿ ನೀರು ಬರಲೆಂದು ಕಿರಿಯ ಸೊಸೆ ಭಾಗೀರಥಿಯನ್ನು ಬಲಿಗೊಡುತ್ತಾರೆ. ಕೆರೆಗಾಗಿ ಹೆಣ್ಣು ಪ್ರಾಣ ಕೊಟ್ಟದ್ದುಂಟು, ಕಥೆಯ ಪ್ರಕಾರ ಕೆರೆ ಕಟ್ಟಿಸಿದ್ದುಂಟು, ಅದರ ನೀರನ್ನು ತಲೆಯ ಮೇಲೆ ಹೊತ್ತದ್ದಂತೂ ದಿನನಿತ್ಯ. ಅದರ ದಂಡೆಯ ಮೇಲೆ ಸುಮ್ಮನೆ ಕುಳಿತದ್ದನ್ನು ಮಾತ್ರ ನಾನು ಯಾವ ಹಾಡಿನಲ್ಲಿಯೂ ಕೇಳಿಲ್ಲ.

ಈಗ ಮನೆಮನೆಗೆ ನಲ್ಲಿ ಬಂದಿದೆ. 2019 ರಲ್ಲಿ ಆರಂಭವಾದ ಜಲಜೀವನ ಯೋಜನೆಯ ಕೊಳವೆ ನಮ್ಮ ಮನೆಯ ಅಂಗಳಕ್ಕೂ ಬಂದಿತು. ಇದನ್ನು ಕುರಿತು ಮರುಗುವವರಲ್ಲಿ ನಾನು ಸೇರಿದವಳಲ್ಲ. ನೀರು ಹೊತ್ತು ಹೊತ್ತು ಅಜ್ಜಿಯ ಕತ್ತು ಕುಸಿದದ್ದನ್ನು ನೋಡಿದವರು ಯಾರೂ ಬಿಂದಿಗೆಯ ಸೌಂದರ್ಯವನ್ನು ವರ್ಣಿಸಲಾರರು. ಆದರೆ ನಲ್ಲಿಯ ಜೊತೆಗೆ ಒಂದು ನಷ್ಟವೂ ಸದ್ದಿಲ್ಲದೆ ಬಂದಿದೆ. ಯಾರ ಅಪ್ಪಣೆಯೂ ಇಲ್ಲದೆ ಮನೆಯಿಂದ ಹೊರಗೆ ಹೋಗಲು ಹೆಂಗಸರಿಗಿದ್ದ ಒಂದೇ ನೆಪ ಹೋಯಿತು. ನೀರಿಗೆ ಹೋಗುತ್ತೇನೆಂದರೆ ಯಾರೂ ಯಾಕೆಂದು ಕೇಳುತ್ತಿರಲಿಲ್ಲ. ಇಂದು ಗಾಳಿಗೆ ಹೋಗುತ್ತೇನೆಂದರೆ ಎಲ್ಲರೂ ಕೇಳುತ್ತಾರೆ. ಗಂಡಸರಿಗೆ ಈ ತೊಂದರೆ ಇಲ್ಲ. ಅವರು ಸಂಜೆ ಏರಿಯ ಮೇಲೆ ಹೋಗಿ ಬೀಡಿ ಹಚ್ಚಿಕೊಂಡು ಕುಳಿತರೆ ಅದು ಕುಳಿತದ್ದು, ಅಷ್ಟೇ. ಅದಕ್ಕೆ ಅರ್ಥ ಕಟ್ಟುವವರಿಲ್ಲ.

ಇದು ಹಳ್ಳಿಯ ಮಾತಾಯಿತು, ವಿದ್ಯಾವಂತರ ಲೋಕದಲ್ಲಿ ಹಾಗಲ್ಲವೆಂದು ಕೆಲವರು ಹೇಳಬಹುದು. ಸಾಹಿತ್ಯದ ವಿದ್ಯಾರ್ಥಿನಿಯಾಗಿ ನನಗೆ ಆ ಧೈರ್ಯವಿಲ್ಲ. ಮೈಸೂರಿನ ಕುಕ್ಕರಹಳ್ಳಿ ಕೆರೆಯ ದಂಡೆಯಲ್ಲಿ ಕುವೆಂಪು ಅವರು ತಿರುಗಾಡುತ್ತಿದ್ದ ಸಂಗತಿಯನ್ನು ತರಗತಿಯಲ್ಲಿ ಕೇಳದವರು ನಮ್ಮಲ್ಲಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು 1864 ರಲ್ಲಿ ಕಟ್ಟಿಸಿದ ಆ ಕೆರೆಯ ಮೇಲೆ ಕವಿಗಳು ಏನೆಲ್ಲವನ್ನು ಕಂಡರು! ಅದೇ ಕಾಲದಲ್ಲಿ ಅದೇ ದಂಡೆಯಲ್ಲಿ ಒಬ್ಬ ಹುಡುಗಿ ಒಬ್ಬಂಟಿಯಾಗಿ, ಸೂರ್ಯ ಮುಳುಗುವವರೆಗೆ, ಒಂದು ಸಾಲು ಹೊಳೆಯಲೆಂದು ಕಾದು ಕುಳಿತಿದ್ದರೆ ಜನ ಏನನ್ನುತ್ತಿದ್ದರು? ಕವಿ ಹುಟ್ಟುತ್ತಿದ್ದಳೋ ಇಲ್ಲವೋ, ಮಾತಂತೂ ಹುಟ್ಟುತ್ತಿತ್ತು.

ಇಂಗ್ಲಿಷ್ ಪಠ್ಯದಲ್ಲಿ ವರ್ಡ್ಸ್‌ವರ್ತ್ ಕವಿಯ ಡ್ಯಾಫೋಡಿಲ್ ಹೂಗಳ ಕವಿತೆಯನ್ನು ಓದಿದ್ದೇವೆ. ಸರೋವರದ ದಡದಲ್ಲಿ ತಾನೊಬ್ಬನೇ ಅಲೆಯುತ್ತಿದ್ದೆನೆಂಬ ಧಾಟಿಯಲ್ಲಿಯೇ ಕವಿ ಆರಂಭಿಸುತ್ತಾನೆ. ನಿಜವಾಗಿ ಅವನು ಒಂಟಿಯಾಗಿರಲಿಲ್ಲ. 1802 ರ ಏಪ್ರಿಲ್ 15 ರಂದು ಅಲ್ಸ್‌ವಾಟರ್ ಸರೋವರದ ಬಳಿ ಅವನೊಡನೆ ತಂಗಿ ಡೊರೊಥಿಯೂ ಇದ್ದಳು. ಆ ಹೂಗಳನ್ನು ಅವಳೂ ಕಂಡಳು, ತನ್ನ ದಿನಚರಿಯಲ್ಲಿ ಬಹಳ ಚೆನ್ನಾಗಿ ಬರೆದಿಟ್ಟಳು. ಕವಿತೆ ಅಚ್ಚಾದದ್ದು 1807 ರಲ್ಲಿ. ಸಾಲದ್ದಕ್ಕೆ ಆ ಕವಿತೆಯ ಎರಡು ಸಾಲುಗಳು ತನ್ನ ಪತ್ನಿ ಮೇರಿಯವು, ಅವೇ ಅದರಲ್ಲಿ ಉತ್ತಮವಾದವು ಎಂದು ಕವಿಯೇ ಒಪ್ಪಿಕೊಂಡಿದ್ದಾನೆ. ಹೀಗಿದ್ದೂ ಪರೀಕ್ಷೆಯಲ್ಲಿ ನಾವು ಬರೆಯುವುದು ಕವಿಯ ಏಕಾಂತವನ್ನು ಕುರಿತೇ. ನಾನು ಕವಿಯನ್ನು ದೂರುತ್ತಿಲ್ಲ. ಅವನು ತಂಗಿಯನ್ನು ಜೊತೆಗೆ ಕರೆದುಕೊಂಡು ಹೋಗಿದ್ದನಲ್ಲ, ಅಷ್ಟೇ ದೊಡ್ಡದು. ನಮ್ಮೂರಿನಲ್ಲಿ ಯಾವ ಅಣ್ಣನೂ ತಂಗಿಯನ್ನು ಕರೆದುಕೊಂಡು ಕೆರೆಯ ಸುತ್ತ ತಿರುಗಾಡಿದ್ದನ್ನು ನಾನು ಕಾಣೆ. ಅಣ್ಣಂದಿರು ಗೆಳೆಯರೊಡನೆ ಹೋಗುತ್ತಾರೆ, ಬರುವಾಗ ಬಾಟಲಿಗಳನ್ನು ಅಲ್ಲಿಯೇ ಬಿಟ್ಟು ಬರುತ್ತಾರೆ.

ಬಾಟಲಿಯ ಮಾತು ಬಂದಿತಾಗಿ ಒಂದೆರಡು ವ್ಯಾವಹಾರಿಕ ಸಂಗತಿಗಳನ್ನೂ ಹೇಳಿಬಿಡುತ್ತೇನೆ. ಕೆರೆಗಳನ್ನು ಚೆಂದಗೊಳಿಸಬೇಕೆಂಬ ಮಾತು ಈಗ ಎಲ್ಲೆಲ್ಲಿಯೂ ಕೇಳಿಬರುತ್ತಿದೆ. ಚೆಂದವೆಂದ ಕೂಡಲೇ ನಮ್ಮವರ ಕಣ್ಣಿಗೆ ಬರುವುದು ಬಣ್ಣದ ಕಾರಂಜಿ, ಸಿಮೆಂಟಿನ ಜಿಂಕೆ, ಬಾತುಕೋಳಿಯ ಆಕಾರದ ದೋಣಿ. ದೋಣಿ ಬೇಡವೆಂದು ನಾನು ಹೇಳುವುದಿಲ್ಲ. ದೋಣಿಯಲ್ಲಿ ಕುಳಿತು ನೀರಿನ ನಡುವೆ ಹೋಗಲು ನನಗೂ ಆಸೆಯುಂಟು. ಆದರೆ ಪ್ರವಾಸದ ದಿನ ನಮ್ಮ ಇಪ್ಪತ್ತೊಂದು ಮಂದಿ ವಿದ್ಯಾರ್ಥಿನಿಯರು ಎದುರಿಸಿದ ನಿಜವಾದ ಕಷ್ಟ ಯಾವುದೆಂದು ಬಲ್ಲಿರಾ? ಶೌಚಕ್ಕೆ ಎಲ್ಲಿ ಹೋಗುವುದೆಂಬುದು. ನಮ್ಮ ಅಧ್ಯಾಪಕಿಯವರು ಹತ್ತಿರದ ಒಂದು ಮನೆಯವರನ್ನು ಕೇಳಿಕೊಂಡು ವ್ಯವಸ್ಥೆ ಮಾಡಿಕೊಟ್ಟರು. ಆ ಮನೆಯ ತಾಯಿ ಬೇಸರಪಡದೆ ಕುಡಿಯಲು ಮಜ್ಜಿಗೆಯನ್ನೂ ಕೊಟ್ಟರು. ಆದರೆ ನಮ್ಮಲ್ಲಿ ಕೆಲವರು ಬೆಳಗಿನಿಂದ ನೀರನ್ನೇ ಕುಡಿದಿರಲಿಲ್ಲ. ಸಾವಿರಾರು ಎಕರೆ ನೀರಿನ ಎದುರು ಬಾಯಾರಿ ಕುಳಿತಿದ್ದೆವು! ಇದನ್ನು ಕಾಲೇಜಿನ ಸಂಚಿಕೆಯಲ್ಲಿ ಬರೆಯಬಾರದೆಂದು ಒಬ್ಬ ಗೆಳತಿ ಎಚ್ಚರಿಸಿದಳು. ಬರೆಯದಿದ್ದರೆ ಯಾರಿಗೆ ತಿಳಿಯಬೇಕು? ಬಾಗಿಲಿಗೆ ಅಗಣಿಯುಳ್ಳ ಒಂದು ಶೌಚಾಲಯ, ಕತ್ತಲಾದ ಮೇಲೆ ಉರಿಯುವ ಎರಡು ದೀಪ, ಗಾಜಿನ ಚೂರಿಲ್ಲದ ದಂಡೆ, ಬಟ್ಟೆ ಒಗೆಯುವವರಿಗೆ ಜಾರದ ಮೆಟ್ಟಿಲು. ಯಾವುದೇ ಕೆರೆಯಾಗಲಿ, ಇಷ್ಟಾದ ಮೇಲೆ ಜಿಂಕೆಯನ್ನು ನಿಲ್ಲಿಸಿದರೆ ನನ್ನ ಅಡ್ಡಿಯಿಲ್ಲ.

ಮೆಟ್ಟಿಲಿನ ಮಾತನ್ನು ಬೇಕೆಂದೇ ಸೇರಿಸಿದ್ದೇನೆ. ವಿಹಾರಕ್ಕೆ ಬರುವವರ ಅನುಕೂಲಕ್ಕಾಗಿ ಒಗೆಯುವವರನ್ನೂ ಎಮ್ಮೆ ಮೈ ತೊಳೆಯುವವರನ್ನೂ ಮೀನು ಹಿಡಿಯುವವರನ್ನೂ ಬೇಲಿಯಾಚೆಗೆ ಅಟ್ಟಿ, ಬಾಗಿಲಲ್ಲಿ ಚೀಟಿ ಕೊಟ್ಟು ಕಾಸು ಎಣಿಸುವುದನ್ನು ಅಭಿವೃದ್ಧಿಯೆಂದು ಕರೆಯುವವರಿದ್ದಾರೆ. ಸೋಪಿನ ನೊರೆ ಕುಡಿಯುವ ನೀರಿಗೆ ಸೇರುವುದು ಸರಿಯಲ್ಲವೆಂಬುದು ನಿಜ. ಅದಕ್ಕೆ ಮಾರ್ಗ ಒಗೆಯುವ ಕಟ್ಟೆಯನ್ನು ಏರಿಯ ಕೆಳಗೆ, ನಾಲೆಯ ಮಗ್ಗುಲಿಗೆ ಕಟ್ಟಿಕೊಡುವುದು, ಅವರನ್ನು ಅಪರಾಧಿಗಳಂತೆ ಓಡಿಸುವುದಲ್ಲ. ಕೆಲಸಕ್ಕೆ ಬಂದವರು ಒಂದು ಗಳಿಗೆ ಕುಳಿತುಕೊಳ್ಳುವಂತಾಗಬೇಕು. ಕುಳಿತುಕೊಳ್ಳಲು ಬಂದವರು ಕೆಲಸದವರನ್ನು ಚಿತ್ರದ ವಸ್ತುವೆಂದು ಭಾವಿಸದೆ ಮಾತನಾಡಿಸುವಂತಾಗಬೇಕು. ಎರಡನೆಯದನ್ನು ಹೇಳುವ ಯೋಗ್ಯತೆ ನನಗಿಲ್ಲವೆಂದು ಮೇಲೆಯೇ ಒಪ್ಪಿಕೊಂಡಿದ್ದೇನೆ.

ನಮ್ಮ ವಿದ್ಯಾರ್ಥಿಮಿತ್ರರಲ್ಲಿಯೂ ಒಂದು ವಿಜ್ಞಾಪನೆ. ಮುಂದಿನ ವರ್ಷದವರು ಪ್ರವಾಸ ಹೋಗುವಾಗ ಹಾಡಿನ ಪೆಟ್ಟಿಗೆಯನ್ನು ಹಾಸ್ಟೆಲಿನಲ್ಲಿಯೇ ಬಿಟ್ಟು ಹೋಗಬೇಕು. ಒಂದು ಗಂಟೆಯ ಕಾಲ, ಹೆಚ್ಚು ಬೇಡ, ಎಲ್ಲರೂ ಅಲ್ಲಲ್ಲಿ ಚದುರಿ ಬಾಯಿ ಮುಚ್ಚಿ ಕುಳಿತುಕೊಳ್ಳಬೇಕೆಂದು ಅಧ್ಯಾಪಕರು ನಿಯಮ ಮಾಡಬೇಕು. ಮೊದಲ ಹತ್ತು ನಿಮಿಷ ಕಷ್ಟವಾಗುತ್ತದೆ. ನಾನು ಪರೀಕ್ಷೆ ಮಾಡಿ ನೋಡಿದ್ದೇನೆ, ಹೇಗೆಂದರೆ ಹೀಗೆ.

ಯುಗಾದಿಯ ಮರುವಾರ ಅವ್ವನನ್ನು ಅವಳ ತವರಿಗೆ ಕರೆದುಕೊಂಡು ಹೋದೆ. ಸಂಜೆ ನಾಲ್ಕಕ್ಕೆ, "ಬಾ, ಏರಿ ಮೇಲೆ ಕುಂತು ಬರಾಣ" ಎಂದೆ. ಅವ್ವ ಅಭ್ಯಾಸಬಲದಿಂದ ಬಾಗಿಲ ಹತ್ತಿರವಿದ್ದ ಬಕೀಟಿಗೆ ಕೈ ಹಾಕಿದಳು. ಬೇಡವೆಂದೆ. ದಾರಿಯುದ್ದಕ್ಕೂ ಎರಡು ಕೈಗಳನ್ನು ಎಲ್ಲಿಡುವುದೆಂದು ತಿಳಿಯದವಳಂತೆ ಸೆರಗನ್ನು ತಿರುವುತ್ತ ಬಂದಳು. ಎದುರಿಗೆ ಸಿಕ್ಕ ಒಬ್ಬ ಮುದುಕ, "ಎತ್ಲಾಗೆ ಹೊಂಟಿ?" ಎಂದು ಕೇಳಿದ್ದಕ್ಕೆ "ದೇವಸ್ಥಾನಕ್ಕೆ" ಎಂದು ಸುಳ್ಳು ಹೇಳಿದಳು. ಏರಿಯ ಮೇಲೆ ಒಂದು ಕಲ್ಲಿನ ಮೇಲೆ ಕುಳಿತೆವು. ಐದು ನಿಮಿಷಕ್ಕೆ, "ಇನ್ನೇನು ಮಾಡಾದು?" ಎಂದಳು. "ಏನೂ ಇಲ್ಲ" ಎಂದೆ. ಹತ್ತಿರದ ಗರಿಕೆಯನ್ನು ಕೀಳತೊಡಗಿದಳು. ಆಮೇಲೆ ಅದನ್ನೂ ಬಿಟ್ಟಳು. ನೀರಿನ ಮೇಲೆ ಬಿಸಿಲು ಇಳಿದು ಬಣ್ಣ ಬೇರೆಯಾಗುತ್ತಿತ್ತು. ಬಹಳ ಹೊತ್ತಿನ ಮೇಲೆ ಎದುರಿನ ಗುಡ್ಡದ ಬುಡದಲ್ಲಿದ್ದ ಒಂದು ಕಪ್ಪು ಬಂಡೆಯನ್ನು ತೋರಿಸಿ, "ನೀ ಹೊಟ್ಟೇಲಿದ್ದಾಗ ಬಾಣಂತನಕ್ಕೆ ಬಂದಿದ್ನಲ್ಲ, ಆ ವರ್ಷ ಆ ಬಂಡೆ ಮುಳುಗಿತ್ತು ನೋಡು" ಎಂದಳು. ಇಪ್ಪತ್ತು ವರ್ಷದಲ್ಲಿ ಈ ಮಾತನ್ನು ಅವಳು ನನಗೆ ಹೇಳಿರಲಿಲ್ಲ. ಹೇಳಲು ಕುಳಿತದ್ದಾದರೂ ಯಾವಾಗ?

ಅಷ್ಟರಲ್ಲಿ ಕೆಳಗಿನಿಂದ ಚಿಕ್ಕವ್ವ ಹಿಂಡಿದ ಬಟ್ಟೆಯ ಬುಟ್ಟಿ ಹೊತ್ತು ಮೇಲೆ ಬಂದಳು. ನನಗೆ ಎದೆ ಧಸಕ್ಕೆಂದಿತು. ಬುಟ್ಟಿ ಇಳಿಸಿ ಅವ್ವನ ಪಕ್ಕದಲ್ಲಿ ಕುಳಿತು ನನ್ನ ಗಲ್ಲ ಹಿಡಿದು, "ಅವತ್ತು ಕಾಲೇಜಿನೋರ ಸಂಗಡ ಬಂದಿದ್ದೆಲ್ಲ, ನಾ ನೋಡಿದೆ. ಬಟ್ಟೆ ಎಲ್ಲಾ ತೊಯ್ದಿತ್ತು, ನಿನ್ನ ಜೊತೇರ ಮುಂದೆ ಯಾಕೆ ಅಂತ ಕರೀಲಿಲ್ಲ ಕಣವ್ವ" ಎಂದಳು. ಬೇಸರದಿಂದ ಹೇಳಿದ ಮಾತಲ್ಲ. ನಾನು ಏನೋ ಹೇಳಲು ಹೋದೆ, ಗಂಟಲು ಕಟ್ಟಿತು. ಅವಳು ಆಗಲೇ ಅಕ್ಕನ ಕಡೆಗೆ ತಿರುಗಿ, ಬುಟ್ಟಿಯ ಬಟ್ಟೆ ಹಾಗೆಯೇ ಇರಲು, ಯಾರದೋ ಮದುವೆಯ ಸುದ್ದಿ ತೆಗೆದಿದ್ದಳು. ಇಬ್ಬರೂ ಕಾಲು ಚಾಚಿಕೊಂಡು ಮಾತಿಗೆ ಕುಳಿತರು. ನೀರುಕಾಗೆಗಳು ಕಲ್ಲಿನ ಮೇಲೆಯೇ ಇದ್ದವು. ನಾನು ಎರಡು ಸಲ ಬಸ್ಸಿನ ಹೊತ್ತಾಯಿತೆಂದು ನೆನಪು ಮಾಡಿದೆ, ಇಬ್ಬರೂ ಕೇಳಿಸಿಕೊಳ್ಳಲಿಲ್ಲ. ಕೊನೆಯ ಬಸ್ಸು ಹೋಯಿತು. ಆ ರಾತ್ರಿ ಚಿಕ್ಕವ್ವನ ಮನೆಯಲ್ಲಿಯೇ ಉಳಿದು, ಬೆಳಿಗ್ಗೆ ಏಳರ ಬಸ್ಸಿಗೆ ಊರಿಗೆ ಬಂದೆವು.